ಮೈದುನನ ಸೋಲೋ ಭಕ್ತಿ

ಎಂಬತ್ತರ ದಶಕದಲ್ಲಿ ಬಸವೇಶ್ವರನಗರದಲ್ಲಿ ಒಬ್ಬ ರಾಕ್ ಸ್ಟಾರ್ ಇದ್ದ ಎಂದರೆ ನೀವು ನಂಬುವುದಿಲ್ಲ. ಪರವಾಗಿಲ್ಲ, ಆಗ ಬಸವೇಶ್ವರನಗರದವರೂ ನಂಬಿರಲಿಲ್ಲ. ನಾನು ಮಾತ್ರ ನಂಬಲೇಬೇಕಾಗಿತ್ತು, ಏಕೆಂದರೆ ಅವನ ಪ್ಯಾಂಟು ಒಗೆಯುತ್ತಿದ್ದವಳು ನಾನು! ಮಂಡಿಯ ತನಕ ಉಸಿರುಗಟ್ಟುವ ಹಾಗೆ ಬಿಗಿ, ಮಂಡಿಯಿಂದ ಕೆಳಗೆ ಬೀದಿ ಗುಡಿಸುವಷ್ಟು ಅಗಲ. ಅದನ್ನು ಹಿಂಡಬೇಕಾದರೆ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು ನಿಲ್ಲಬೇಕು. ಊರಿಗೆಲ್ಲ ಆ ಫ್ಯಾಷನ್ ಮುಗಿದು ಎಷ್ಟೋ ವರ್ಷ ಆಗಿತ್ತು. ಹಾಗೆಂದು ಹೇಳಿದರೆ, "ಮುಗಿದಿರೋದು ಜನಕ್ಕೆ ಅತ್ತಿಗೆ, ಕಲಾವಿದರಿಗಲ್ಲ" ಎನ್ನುತ್ತಿದ್ದ.

ಹೌದು, ಅವನು ನನ್ನ ಮೈದುನ. ನಮ್ಮ ಯಜಮಾನರ ಒಬ್ಬನೇ ತಮ್ಮ. ಹೆಸರು ಹೇಳುವುದಿಲ್ಲ. ಈಗ ಅವನ ಮನೆಗೆ ಸೊಸೆ ಬಂದಿದ್ದಾಳೆ, ಮಾವನ ಮೇಲೆ ಇಲ್ಲಸಲ್ಲದ ಗೌರವ ಇಟ್ಟುಕೊಂಡಿದ್ದಾಳೆ. ಅದನ್ನು ನಾನು ಯಾಕೆ ಹಾಳು ಮಾಡಲಿ?

ಹಗಲು ಅವನು ರಾಜಾಜಿನಗರದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಗುಮಾಸ್ತ. ನಟ್ಟು ಕೇಳಿದವರಿಗೆ ನಟ್ಟು, ಬೋಲ್ಟು ಕೇಳಿದವರಿಗೆ ಬೋಲ್ಟು ಕೊಡುವುದು ಅವನ ಕೆಲಸ. ಸಂಜೆಯಾದರೆ ಗೋವಿಂದರಾಜನಗರದ ಒಂದು ಪಾತ್ರೆ ಅಂಗಡಿಯ ಗೋಡೌನಿನೊಳಗೆ ರಾಕ್ ಸ್ಟಾರ್. ಅಂಗಡಿ ಇವನ ಗೆಳೆಯನ ತಂದೆಯದು. ಆ ಗೆಳೆಯ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ. ಹುಟ್ಟಿದಾಗಿನಿಂದ ಕೊಳಗ, ಹಂಡೆಗಳ ನಡುವೆ ಬೆಳೆದವನು ಇನ್ನೇನು ಬಾರಿಸಬೇಕು? ತಂಡದ ಹೆಸರು 'ದಿ ಶಟರ್ಸ್'. ಈ ಹೆಸರು ಯಾಕಪ್ಪ ಎಂದು ಕೇಳಿದ್ದೆ. "ನಾವು ಶುರು ಮಾಡಿದ ತಕ್ಷಣ ಅಕ್ಕಪಕ್ಕದ ಅಂಗಡಿಯೋರೆಲ್ಲ ಶಟರ್ ಎಳ್ಕೊಂಡು ಹೋಗ್ತಾರೆ ಅತ್ತಿಗೆ" ಎಂದ. ಮುಖದಲ್ಲಿ ಹೆಮ್ಮೆಯೋ ಹೆಮ್ಮೆ!

ನಮ್ಮ ಅತ್ತೆ ಅವನ ಹಾಡನ್ನು ಯಾವತ್ತೂ ವಿರೋಧಿಸಲಿಲ್ಲ. ವಿರೋಧಿಸಬೇಕಾದರೆ ಅದು ಹಾಡು ಎಂದು ಮೊದಲು ಒಪ್ಪಿಕೊಳ್ಳಬೇಕಲ್ಲ? ಅವರ ಮಟ್ಟಿಗೆ ಅದು ಗಂಟಲಿನ ಕಾಯಿಲೆ. ಬಚ್ಚಲುಮನೆಯಲ್ಲಿ ಅವನು ಇಂಗ್ಲಿಷಿನಲ್ಲಿ ಎತ್ತರದ ಸ್ವರವೊಂದನ್ನು ಎಳೆದಾಗಲೆಲ್ಲ ಅತ್ತೆ ದೇವರ ಮನೆಯಿಂದಲೇ ಹೇಳುತ್ತಿದ್ದರು: "ಏನೇ, ಒಂದಿಷ್ಟು ಮೆಣಸಿನ ಕಷಾಯ ಇಡೇ. ಪಾಪ, ಕಫ ಕಟ್ಟಿದೆ." ನಾನು ಇಡುತ್ತಿದ್ದೆ, ಅವನು ಕುಡಿಯುತ್ತಿದ್ದ. ಕುಡಿದ ಮೇಲೆ ಗಂಟಲು ಇನ್ನೂ ತೆರೆದುಕೊಂಡು ಮಾರನೆಯ ದಿನ ಸ್ವರ ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಅತ್ತೆ ಮೆಣಸು ಜಾಸ್ತಿ ಹಾಕಿಸುತ್ತಿದ್ದರು. ಹೀಗೆ ನಮ್ಮ ಮನೆಯಲ್ಲಿ ಮೆಣಸು ಖರ್ಚಾದಷ್ಟು ಆ ಬಡಾವಣೆಯಲ್ಲಿ ಯಾರ ಮನೆಯಲ್ಲೂ ಖರ್ಚಾಗಿರಲಿಕ್ಕಿಲ್ಲ.

ಗಿಟಾರಿನ ವಿಷಯದಲ್ಲಿ ಮಾತ್ರ ಅವರಿಗೆ ಖಂಡಿತವಾದ ಅಭಿಪ್ರಾಯವಿತ್ತು. "ಅದಕ್ಕೆ ಕರೆಂಟ್ ಯಾಕೋ? ನಮ್ಮ ಹಾರ್ಮೋನಿಯಮ್ಮಿಗೆ ಗಾಳಿ ಸಾಕಪ್ಪ" ಎನ್ನುವರು. ಬೀದಿಯಲ್ಲಿ ಕರೆಂಟು ಹೋದಾಗಲೆಲ್ಲ ಅಕ್ಕಪಕ್ಕದವರು ವಿದ್ಯುತ್ ಇಲಾಖೆಯನ್ನು ಬೈದರೆ ಅತ್ತೆ ಗಿಟಾರನ್ನು ಬೈಯುತ್ತಿದ್ದರು. ಅದು ಮೂಲೆಯಲ್ಲಿ ಚೀಲದೊಳಗೆ ತೆಪ್ಪಗೆ ಮಲಗಿದ್ದಾಗಲೂ!

ಇಷ್ಟೆಲ್ಲ ಇದ್ದರೂ ಅವನಿಗೆ ಒಂದೇ ಒಂದು ಆಸೆ ಇತ್ತು. ಕ್ಯಾಸೆಟ್ಟಿನ ಮೇಲೆ ತನ್ನ ಹೆಸರು ಅಚ್ಚಾಗಿರಬೇಕು. ಖಾಲಿ ಕ್ಯಾಸೆಟ್ಟು ತಂದು, ಚೀಟಿ ಅಂಟಿಸಿ, ತನ್ನ ಹೆಸರನ್ನು ಬಗೆಬಗೆಯ ಅಕ್ಷರಗಳಲ್ಲಿ ಬರೆದು, ಕಪಾಟಿನ ಮೇಲಿಟ್ಟು ದೂರ ನಿಂತು ನೋಡುತ್ತಿದ್ದ. "ಹೆಂಗೆ ಕಾಣ್ತಿದೆ ಅತ್ತಿಗೆ?" "ಹೆಸರು ಚೆನ್ನಾಗಿದೆಯಪ್ಪ, ಒಳಗೇನಿದೆ?" "ಏನೂ ಇಲ್ಲ, ಖಾಲಿ." ಹೆಣ್ಣು ನೋಡುವ ಮಾತೆತ್ತಿದರೆ ಕ್ಯಾಸೆಟ್ ಬಂದ ಮೇಲೆ ಎನ್ನುತ್ತಿದ್ದ. ಮೂವತ್ತು ಹತ್ತಿರ ಬಂತು. ತಂಡದವರು ಒಬ್ಬೊಬ್ಬರಾಗಿ ಮದುವೆಯಾಗಿ, ಗಿಟಾರು ಮಾರಿ, ಮಿಕ್ಸಿ ಕೊಂಡರು. ಕೊನೆಗೆ ಉಳಿದವರು ಇವನು ಮತ್ತು ಆ ಡ್ರಮ್ಮಿನವನು ಇಬ್ಬರೇ.

ಆಗ ಸಿಕ್ಕವರು ವಿಜಯನಗರದ ಕ್ಯಾಸೆಟ್ ಅಂಗಡಿಯ ಯಜಮಾನರು. ಅವರು ಅಂಗಡಿಯಲ್ಲಿ ಮಾರುವುದರ ಜೊತೆಗೆ ವರ್ಷಕ್ಕೊಂದು ಭಕ್ತಿಗೀತೆಯ ಕ್ಯಾಸೆಟ್ಟನ್ನು ತಾವೇ ಹೊರತರುತ್ತಿದ್ದರು. ಇವನು ಹೋಗಿ ಅವರ ಮುಂದೆ ಗಿಟಾರು ಬಾರಿಸಿದ್ದಾನೆ. ಪೂರ್ತಿ ಕೇಳಿದರಂತೆ. ಆಮೇಲೆ ಹೇಳಿದರಂತೆ:

"ಸಾರ್, ದನಿ ಚೆನ್ನಾಗಿದೆ. ಆದ್ರೆ ಈ ಏರಿಯಾದಲ್ಲಿ ದೇವರು ಬಿಟ್ರೆ ಬೇರೆ ಯಾರೂ ಓಡಲ್ಲ. ಎರಡನೇ ಸೈಡಿನ ಕೊನೇಲಿ ಒಂದು ಹಾಡಿಗೆ ಜಾಗ ಇದೆ. ಒಂದು ಭಕ್ತಿಗೀತೆ ಮಾಡಿ ತನ್ನಿ, ಹಾಕ್ತೀನಿ. ಆದ್ರೆ ಸೋಲೋ ಇರ್ಬೇಕು. ಕೋರಸ್ಸು ಗೀರಸ್ಸು ಬೇಡ. ಭಜನೆ ಥರ ಇದ್ರೆ ಜನ ಯಾಕೆ ಕ್ಯಾಸೆಟ್ ತಗೋತಾರೆ? ಮನೇಲೇ ಮಾಡ್ಕೋತಾರೆ."

"ಯಾವ ದೇವರು ಸಾರ್?"

"ಯಾವುದಾದ್ರೂ ಸರಿ. ಗಣಪತಿ ಬುಕ್ ಆಗಿದಾನೆ. ವೆಂಕಟರಮಣ ಎರಡಾಯ್ತು. ಆಂಜನೇಯ ನಮ್ಮ ಭಾಮೈದ ಹಾಡಿದಾನೆ, ಅದನ್ನ ತೆಗೆಯೋ ಹಾಗಿಲ್ಲ."

ಅಂದು ಸಂಜೆ ಮನೆಯಲ್ಲಿ ಯಾವ ದೇವರು ಎಂಬ ಚರ್ಚೆ ನಡೆಯಿತು. ಅತ್ತೆ ಮನೆದೇವರು ನರಸಿಂಹ ಎಂದರು. ಡ್ರಮ್ಮಿನವನು, "ನರಸಿಂಹ ಸೂಪರ್ ಗುರು, ಎಂಟ್ರಿನೇ ಕಂಬ ಒಡ್ಕೊಂಡು" ಎಂದು ಉಬ್ಬಿಹೋದ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಖಾಲಿ ಇರೋ ದೇವರನ್ನ ಹಾಡೋ" ಎಂದರು. ಕೊನೆಗೆ ನನ್ನ ಮೈದುನ ಯಾವ ದೇವರಿಗೂ ಬೇಸರವಾಗದಿರಲಿ ಎಂದು ಹೆಸರೇ ಇಲ್ಲದ ದೇವರನ್ನು ಹಾಡುವುದು ಎಂದು ತೀರ್ಮಾನಿಸಿದ. "ಇದು ಕಡೇ ಚಾನ್ಸ್ ಅತ್ತಿಗೆ. ಇದೂ ಆಗ್ಲಿಲ್ಲ ಅಂದ್ರೆ ಗಿಟಾರು ಅಟ್ಟಕ್ಕೆ ಹಾಕಿ ನೀವು ಹೇಳಿದ ಹುಡುಗೀನ ಮದುವೆ ಆಗ್ತೀನಿ" ಎಂದ. ಅಟ್ಟ ಎಂದಾಗ ಅವನ ದನಿ ಸ್ವಲ್ಪ ಒಡೆಯಿತು. ನಾನು ಏನೂ ತಮಾಷೆ ಮಾಡಲಿಲ್ಲ.

ಹಾಡು ಬರಬೇಕಾದರೆ ಮೊದಲು ಅಧ್ಯಾತ್ಮ ಬರಬೇಕು ಎಂದು ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಮರುದಿನವೇ ನಡುಮನೆಯಲ್ಲಿ ನಿಂತು, "ಇವತ್ತಿಂದ ನಾನು ಮೊಟ್ಟೆ ಬಿಟ್ಟೆ" ಎಂದು ಘೋಷಿಸಿದ. ಅವನು ತಿನ್ನುತ್ತಿದ್ದ ಎಂಬುದು ನಮಗೆ ತಿಳಿದದ್ದೇ ಆಗ! ಮಾಗಡಿ ರಸ್ತೆಯ ಗಾಡಿಯೊಂದರಲ್ಲಿ ವರ್ಷಗಳಿಂದ ಆಮ್ಲೆಟ್ಟು ಹೊಡೆಯುತ್ತಿದ್ದನಂತೆ. ತಿನ್ನುತ್ತಿದ್ದಷ್ಟು ದಿನ ನಮ್ಮ ಜೊತೆ ಪಂಕ್ತಿಯಲ್ಲಿ ಕೂತು ಉಂಡವನಿಗೆ, ಬಿಟ್ಟ ದಿನದಿಂದ ಅತ್ತೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟರು. ಅಧ್ಯಾತ್ಮದ ಮೊದಲ ಮೆಟ್ಟಿಲು ಅಷ್ಟು ಕಷ್ಟವಾಗಿತ್ತು.

ಆಮೇಲೆ ಒಂದು ಭಾನುವಾರ ಶಾಂತಿಯನ್ನು ಹುಡುಕಿಕೊಂಡು ಕೆಂಗೇರಿಗೆ ಹೋದ. ಅಲ್ಲಿ ಕೆರೆಯ ಪಕ್ಕ ಮರದ ಕೆಳಗೆ ಕೂತರೆ ಹಕ್ಕಿ ಬಿಟ್ಟು ಇನ್ನೇನೂ ಕೇಳುವುದಿಲ್ಲವಂತೆ. ಕತ್ತಲಾಗುವ ಹೊತ್ತಿಗೆ ಕುಂಟುತ್ತ ಬಂದ.

"ಶಾಂತಿ ಸಿಕ್ತೇನಪ್ಪ?"

"ಶಾಂತಿ ಸಿಕ್ತು ಅತ್ತಿಗೆ. ಬಸ್ ಸಿಗ್ಲಿಲ್ಲ."

ಅತ್ತೆ ಅವನ ಬೊಬ್ಬೆ ಎದ್ದ ಕಾಲಿಗೆ ಹರಳೆಣ್ಣೆ ತಿಕ್ಕುತ್ತ, "ದೇವರು ಬಸವೇಶ್ವರನಗರದಲ್ಲಿ ಇಲ್ವೇನೋ?" ಎಂದರು.

ರುದ್ರಾಕ್ಷಿ ಮಾಲೆ ಬಂತು. ಹೂವಿನ ಅಂಗಿಯ ಮೇಲೆ ಅದನ್ನು ಹಾಕಿಕೊಂಡ. ಕಪ್ಪು ಕನ್ನಡಕವನ್ನು ಮಾತ್ರ ತೆಗೆಯಲಿಲ್ಲ. ಕೇಳಿದರೆ, "ಬರೀ ಕಣ್ಣು ಮುಚ್ಚಿದ್ರೆ ಧ್ಯಾನ ಮಾಡ್ತಿದಾನೆ ಅಂತ ಜನಕ್ಕೆ ಗೊತ್ತಾಗ್ಬಿಡತ್ತೆ. ಇದು ಗುಪ್ತ ಧ್ಯಾನ" ಎಂದ. ಈ ಗುಪ್ತ ಧ್ಯಾನವನ್ನು ಅವನು ದಿನಾ ಬೆಳಿಗ್ಗೆ ತಾರಸಿಯ ಮೇಲೆ ನಿಂತು, ಇಡೀ ಬೀದಿಗೆ ಕಾಣುವ ಹಾಗೆ ಮಾಡುತ್ತಿದ್ದ. ಜೊತೆಗೆ ಹೆಸರಿಲ್ಲದ ದೇವರಿಗೆ ಬರೆದ ಮೊದಲ ಹಾಡಿನ ಅಭ್ಯಾಸ. "ಎಲ್ಲಿರುವೆ ನೀನು, ಕಾದಿರುವೆ ನಾನು" ಎಂದೇನೋ ಇತ್ತು. ನಡುನಡುವೆ "ಯೇ ಯೇ" ಎಂದು ಬರುತ್ತಿತ್ತು. ಅದು ಹಳೆಯ ಅಭ್ಯಾಸ, ಅಷ್ಟು ಬೇಗ ಹೋಗುತ್ತದೆಯೇ?

ಎದುರು ಮನೆಯ ತಾರಸಿಯಲ್ಲಿ ಅದೇ ಹೊತ್ತಿಗೆ ಅವರ ಮಗಳು ತಲೆಗೂದಲು ಒಣಗಿಸಿಕೊಳ್ಳುತ್ತಿದ್ದುದನ್ನು ನಾನಾಗಲಿ ಅವನಾಗಲಿ ಗಮನಿಸಿರಲಿಲ್ಲ. ಅವಳ ತಂದೆ ಗಮನಿಸಿದ್ದರು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಯಾವುದನ್ನೂ ಪುರಾವೆ ಇಲ್ಲದೆ ಒಪ್ಪುವವರಲ್ಲ. ಗೇಟಿನ ಹತ್ತಿರ ಬಂದು ನಿಂತರು.

"ನಿಮ್ಮ ಮೈದುನ ದಿನಾ ಯಾರನ್ನಮ್ಮ ಕರೀತಿರೋದು?"

"ದೇವರನ್ನ ಸಾರ್."

"ದೇವರನ್ನ ಕರೆಯೋಕೆ ಕಪ್ಪು ಕನ್ನಡಕ ಯಾಕೆ?"

ಗುಪ್ತ ಧ್ಯಾನ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. "ಬಿಸಿಲು ಸಾರ್" ಎಂದೆ. ಮೇಷ್ಟ್ರು ಆಕಾಶ ನೋಡಿದರು. ಮೋಡ ಮುಸುಕಿತ್ತು. ಅವತ್ತಿಗೆ ಆ ಹಾಡು ಮುಗಿಯಿತು.

ಅವನು ಮುಖ ಚಿಕ್ಕದು ಮಾಡಿಕೊಂಡು ಅಡುಗೆಮನೆಯ ಹೊಸಿಲ ಮೇಲೆ ಕೂತ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ದೇವರಿಗೆ ಏನಂತ ಹೇಳೋದಮ್ಮ? ಏನು ಬರೆದ್ರೂ ಸಿನಿಮಾ ಥರ ಆಗತ್ತೆ."

"ಏನು ಹೇಳೋದು? ಮನೆಗೆ ಬರೋರಿಗೆ ಏನು ಹೇಳ್ತಾರೋ ಅದೇ. ಬಾಗಿಲು ತೆಗ್ದಿದೆ, ಬಾರಪ್ಪ ಅನ್ನು. ಕಾಲಿಗೆ ನೀರಿಟ್ಟಿದೀನಿ ಅನ್ನು. ಊಟಕ್ಕೆ ಕಾದಿದೀನಿ ಅನ್ನು. ಇಷ್ಟಕ್ಕೆ ಕೆಂಗೇರಿಗೆ ಹೋಗ್ಬೇಕಾಗಿತ್ತಾ?"

ಅತ್ತೆ ಮತ್ತೆ ಅಕ್ಕಿಯ ಕಡೆ ತಿರುಗಿದರು. ಮೈದುನ ಎದ್ದು ಹೋದವನು ಮಧ್ಯಾಹ್ನದ ಹೊತ್ತಿಗೆ ಹಾಡಿನ ಜೊತೆ ಬಂದ.

"ಕದ ತೆರೆದಿಟ್ಟಿದೆ ಬಾರಯ್ಯ ಒಳಗೆ,
ಕಾಲಿಗೆ ನೀರಿದೆ ಹೊಸಿಲ ಬಳಿಗೆ."

ಅದೇ ಎರಡು ಸಾಲು, ಆಮೇಲೆ ಅಂಥವೇ ಇನ್ನೆರಡು. "ಯೇ ಯೇ" ಎಲ್ಲೂ ಇರಲಿಲ್ಲ. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ನಾನು ಈ ಮನೆಗೆ ಬರುವ ಮೊದಲೇ ಮಾವ ತೀರಿಹೋಗಿದ್ದರು. ಅವರೂ ಕಾರ್ಖಾನೆಯಲ್ಲಿದ್ದವರು. ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಅತ್ತೆ ಬಾಗಿಲು ಓರೆ ಮಾಡಿ, ಹೊಸಿಲ ಹತ್ತಿರ ಚೊಂಬಿನಲ್ಲಿ ನೀರಿಟ್ಟು, ತಾವೂ ಉಣ್ಣದೆ ಕಾಯುತ್ತಿದ್ದರಂತೆ. ಇದನ್ನು ಯಜಮಾನರು ಹಾಡು ಕೇಳಿದ ಮೇಲೆ ನನಗೆ ಹೇಳಿದರು. ಹೇಳಿ, ಪೇಪರನ್ನು ಇನ್ನಷ್ಟು ಮುಖದ ಹತ್ತಿರ ಹಿಡಿದುಕೊಂಡರು.

ಡ್ರಮ್ಮಿನವನಿಗೆ ಹಾಡು ಇಷ್ಟವಾಯಿತು, ಆದರೆ ಮುಖ ಬಾಡಿತು. "ಎಲ್ಲಾ ಸರಿ ಮಚ್ಚಾ, ಸೋಲೋ ಅಂದ್ರೆ ನಾನೇನ್ ಮಾಡ್ಲಿ?"

ಮೈದುನ ಯೋಚಿಸಿ ಹೇಳಿದ: "ನೀನು ಗಂಟೆ ಹೊಡಿ."

"ಎಷ್ಟು ಸಲ?"

"ಒಂದ್ಸಲ. ಕೊನೇಲಿ."

ಅವನು ಅದನ್ನು ಎಷ್ಟು ಮನಸ್ಸಿಗೆ ತೆಗೆದುಕೊಂಡ ಎಂದರೆ, ಅಪ್ಪನ ಅಂಗಡಿಯಿಂದ ಒಂದು ಕಂಚಿನ ಗಂಟೆ ಆರಿಸಿ ತಂದು ದಿನವೂ ಗೋಡೌನಿನಲ್ಲಿ ಆ ಒಂದೇ ಏಟನ್ನು ಅಭ್ಯಾಸ ಮಾಡಿದ.

ಕ್ಯಾಸೆಟ್ ಅಂಗಡಿಯವರು ಸ್ಟುಡಿಯೋ ಗಿಡಿಯೋ ಎಂದೆಲ್ಲ ತಲೆ ಕೆಡಿಸಿಕೊಳ್ಳುವವರಲ್ಲ. ತಮ್ಮ ಒಳ್ಳೆಯ ಟೇಪ್ ರೆಕಾರ್ಡರನ್ನು ಒಂದು ಭಾನುವಾರದ ಮಟ್ಟಿಗೆ ಕೊಟ್ಟು ಕಳಿಸಿದರು. ಮನೆಯಲ್ಲೇ ಹಾಡಿ ತನ್ನಿ ಎಂದರು. ನಮ್ಮ ನಡುಮನೆ ಸ್ಟುಡಿಯೋ ಆಯಿತು. ಕಿಟಕಿಗೆ ಹಾಸಿಗೆ, ಬಾಗಿಲಿಗೆ ರಜಾಯಿ. ಫ್ಯಾನು ಹಾಕುವಂತಿಲ್ಲ, ಕುಕ್ಕರ್ ಇಡುವಂತಿಲ್ಲ. ಯಜಮಾನರು ಕೆಮ್ಮಿನವರಾದ್ದರಿಂದ ಅವರನ್ನು ಆರ್‌ಪಿಸಿ ಲೇಔಟಿನ ಸ್ನೇಹಿತರ ಮನೆಗೆ ಕಳಿಸಿಬಿಟ್ಟೆವು. ಸೊಪ್ಪಿನವಳು ಬೀದಿ ದಾಟುವ ತನಕ ಕಾದು ಮೈದುನ ಗಿಟಾರು ಹಿಡಿದು ಗೋಡೆಯ ಕಡೆ ತಿರುಗಿ ಹಾಡಿದ.

ಹಾಡು ಹೊರಡಲೇ ಇಲ್ಲ. ಶವಯಾತ್ರೆಗೆ ಹಾಡಿದ ಹಾಗಿತ್ತು.

"ಎದುರಿಗೆ ಜನ ಬೇಕು ಅತ್ತಿಗೆ. ಗೋಡೆ ನೋಡ್ಕೊಂಡು ಹೆಂಗೆ ಹಾಡ್ಲಿ? ನಾನು ಸ್ಟೇಜಿನವನು!"

ಭಾನುವಾರ ಮಧ್ಯಾಹ್ನ ಜನ ಎಲ್ಲಿಂದ ತರುವುದು? ನಮಗೆ ಇದ್ದದ್ದು ಒಂದೇ ಜನ, ಶುಕ್ರವಾರದ ಭಜನೆಯ ಹೆಂಗಸರು. ಮೂಲೆ ಮನೆಯ ಪದ್ಮಕ್ಕನಿಗೆ ಹೇಳಿ ಕಳಿಸಿದೆ. ಹತ್ತು ನಿಮಿಷದಲ್ಲಿ ಪದ್ಮಕ್ಕ ಇಡೀ ಮಂಡಳಿಯನ್ನು ಕರೆದುಕೊಂಡು ಬಂದು ಜಮಖಾನದ ಮೇಲೆ ಕೂತರು. ಮೈದುನನ ಕಣ್ಣು ಹೊಳೆಯಿತು. ಕೈಮುಗಿದು ಹೇಳಿದ: "ಆಂಟಿ, ಇದು ಸೋಲೋ. ನಾನೊಬ್ಬನೇ ಹಾಡೋದು. ನೀವೆಲ್ಲ ಸುಮ್ನೆ ಕೇಳ್ಬೇಕು, ಅಷ್ಟೇ."

"ಅಯ್ಯೋ, ಅಷ್ಟೇ ತಾನೇ? ಹಾಡಪ್ಪ" ಎಂದರು ಪದ್ಮಕ್ಕ.

ಟೇಪು ತಿರುಗಿತು. ಗಿಟಾರು ಮೀಟಿದ. "ಕದ ತೆರೆದಿಟ್ಟಿದೆ ಬಾರಯ್ಯ ಒಳಗೆ" ಎಂದು ಹಾಡಿ ಉಸಿರು ತೆಗೆದುಕೊಳ್ಳಲು ನಿಂತ.

"ಕದ ತೆರೆದಿಟ್ಟಿದೆ ಬಾರಯ್ಯ ಒಳಗೇ..." ಎಂದು ಇಡೀ ಮಂಡಳಿ ತಾಳ ಹಾಕಿಕೊಂಡು ತಿರುಗಿ ಹೇಳಿತು!

ಇದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಭಜನೆಯ ಪದ್ಧತಿಯೇ ಹಾಗೆ. ಒಬ್ಬರು ಒಂದು ಸಾಲು ಹೇಳಿದರೆ ಉಳಿದವರು ಅದನ್ನು ತಿರುಗಿ ಹೇಳಬೇಕು. ಹೇಳದೆ ಬಾಯಿ ಮುಚ್ಚಿಕೊಂಡು ಕೂತರೆ ಹಾಡಿದವರಿಗೆ ಅವಮಾನ, ದೇವರಿಗೆ ಹಾಡು ಅರ್ಧ ಮಾತ್ರ ಮುಟ್ಟುತ್ತದೆ ಎಂದು ಅವರ ಲೆಕ್ಕ. ಮದುವೆಯಾಗಿ ಬಂದಾಗಿನಿಂದ ಹಾಗೆ ತಿರುಗಿ ಹೇಳಿದ ಬಾಯಿಗಳು. ತಾವು ಹೇಳಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

"ಆಂಟಿ, ಸೋಲೋ" ಎಂದ ಮೈದುನ ಅಳುವ ದನಿಯಲ್ಲಿ.

"ಹೌದು ಕಣಪ್ಪ, ನಾವೆಲ್ಲಿ ಹಾಡಿದ್ವಿ? ತಿರುಗಿ ಹೇಳಿದ್ವಿ ಅಷ್ಟೇ."

ಎರಡನೆಯ ಸಲ ಎಲ್ಲರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಾಲು ಮುಗಿಯುತ್ತಿದ್ದಂತೆ ಸೆರಗಿನ ಹಿಂದಿನಿಂದ ಜೇನುಗೂಡಿನ ಹಾಗೆ ಗುಂಯ್ ಎಂದಿತು. ಮೂರನೆಯ ಸಲ ನಾನೊಂದು ಉಪಾಯ ಮಾಡಿ ಎಲ್ಲರ ಬಾಯಿಗೂ ಕಲ್ಲುಸಕ್ಕರೆ ಹಾಕಿದೆ. ಬಾಯಿ ಸುಮ್ಮನಿತ್ತು, ನಿಜ. ಆದರೆ ತಾಳಕ್ಕೆ ಸರಿಯಾಗಿ ಎಲ್ಲರೂ ಕಟಂ ಎಂದು ಕಡಿದರು. ಡ್ರಮ್ಮಿನವನು, "ಗುರು, ಇದು ಚೆನ್ನಾಗಿದೆ, ಇಟ್ಕೊಳೋಣ" ಎಂದ. ಮೈದುನ ಅವನನ್ನು ನೋಡಿದ ನೋಟದಲ್ಲಿ ಅಧ್ಯಾತ್ಮ ಇರಲಿಲ್ಲ.

ಕೊನೆಗೆ ಎಲ್ಲರಿಗೂ ಕುಂಕುಮ ಕೊಟ್ಟು ಮರ್ಯಾದೆಯಿಂದ ಆಚೆ ಕಳಿಸಿದೆ. ಹೋದರೆಂದುಕೊಂಡಿರಾ? ಜಗಲಿಯ ಮೇಲೆ ಕೂತು, ಹಾಸಿಗೆ ಮುಚ್ಚಿದ ಕಿಟಕಿಯ ಆಚೆಯಿಂದ ತಿರುಗಿ ಹೇಳಿದರು! ಮತ್ತೆ ಕೈಮುಗಿದು ಗೇಟು ದಾಟಿಸಿ ಬಂದೆ. ಇನ್ನು ಹೊತ್ತಿರಲಿಲ್ಲ. ಸಂಜೆಯೊಳಗೆ ಟೇಪ್ ರೆಕಾರ್ಡರ್ ವಾಪಸ್ಸು ಕೊಡಬೇಕು, ಮಾರನೆಯ ದಿನ ಕ್ಯಾಸೆಟ್ಟು ಅಚ್ಚಿಗೆ ಹೋಗುತ್ತದೆ. ಮೈದುನ ಬೆವರಿನಲ್ಲಿ ತೊಯ್ದುಹೋಗಿದ್ದ.

"ಅಮ್ಮ, ನೀನು ಬಂದು ಕೂತ್ಕೋ ಬಾ" ಎಂದ.

ಎದುರಿಗೆ ಕೂರಿಸಿಕೊಂಡರೂ ತಿರುಗಿ ಹೇಳದವರೆಂದರೆ ನಮ್ಮ ಬೀದಿಯಲ್ಲಿ ಅತ್ತೆ ಒಬ್ಬರೇ. ಆ ಭಜನೆ ಮಂಡಳಿಯನ್ನು ಕಟ್ಟಿದವರೇ ಅವರಂತೆ. ಮೊದಲ ಸಾಲು ಯಾವಾಗಲೂ ಅವರದೇ ಇರುತ್ತಿತ್ತಂತೆ. ಮಾವ ಹೋದ ಮೇಲೆ ಹಾಡಲಿಲ್ಲ. ಯಾರೂ ಹಾಡಬೇಡಿ ಎಂದಿರಲಿಲ್ಲ, ಅವರೂ ಹಾಡುವುದಿಲ್ಲ ಎಂದಿರಲಿಲ್ಲ. ಶುಕ್ರವಾರ ಎಲ್ಲರ ನಡುವೆ ಬಂದು ಕೂರುವರು, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುವರು, ಬಾಯಿ ಮಾತ್ರ ತೆರೆಯರು. ಪದ್ಮಕ್ಕ ಮೊದಮೊದಲು ಒತ್ತಾಯ ಮಾಡಿ, ಆಮೇಲೆ ಸುಮ್ಮನಾಗಿದ್ದರು. ನಾನು ಸೊಸೆಯಾಗಿ ಬಂದು ಅಷ್ಟು ವರ್ಷವಾಗಿದ್ದರೂ ಅವರ ಹಾಡು ಕೇಳಿರಲಿಲ್ಲ.

ಅತ್ತೆ ಬಂದು ಜಮಖಾನದ ಮೇಲೆ ಮಗನ ಎದುರಿಗೆ ಕೂತರು. ಕನ್ನಡಕದ ಕಡೆ ನೋಡಿ, "ಅದನ್ನ ತೆಗಿ" ಎಂದರು. ತೆಗೆದ. ಡ್ರಮ್ಮಿನವನು ಗಂಟೆ ಹಿಡಿದು ಮೂಲೆಯಲ್ಲಿ ನಿಂತ. ನಾನು ಟೇಪಿನ ಗುಂಡಿ ಒತ್ತಿದೆ.

ಈ ಸಲ ಅವನು ಸ್ಟೇಜಿನ ಮೇಲೆ ಹಾಡುವವನ ಹಾಗೆ ಹಾಡಲಿಲ್ಲ. ಮೆಲ್ಲಗೆ, ಎದುರಿಗಿರುವವರಿಗೆ ಹೇಳುವ ಹಾಗೆ ಹಾಡಿದ. "ಕದ ತೆರೆದಿಟ್ಟಿದೆ ಬಾರಯ್ಯ ಒಳಗೆ." ನಿಂತ. ಗಿಟಾರು ಒಂದೇ ನುಡಿಯಿತು. ಅತ್ತೆಯ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. "ಕಾಲಿಗೆ ನೀರಿದೆ ಹೊಸಿಲ ಬಳಿಗೆ." ಮತ್ತೆ ನಿಂತ. ಬೆರಳು ನಿಂತುಹೋಯಿತು.

ಆಗ ಒಂದು ದನಿ ಕೇಳಿತು. ಒಣಗಿದ, ಒರಟಾದ, ಎಷ್ಟೋ ಕಾಲ ಬಳಸದೆ ತುಕ್ಕು ಹಿಡಿದ ದನಿ. "ಕಾಲಿಗೆ... ನೀರಿದೆ... ಹೊಸಿಲ ಬಳಿಗೆ." ಯಾರು ಎಂದು ತಿಳಿಯದೆ ನಾನು ಹುಚ್ಚಿಯ ಹಾಗೆ ಕಿಟಕಿಯ ಕಡೆ ನೋಡಿದೆ. ಅತ್ತೆ! ಕಣ್ಣು ಮುಚ್ಚಿದ್ದರು. ಮೈದುನ ಹಾಡು ನಿಲ್ಲಿಸಲಿಲ್ಲ. ಮುಂದಿನ ಸಾಲು ಹೇಳಿದ, ಅವರು ತಿರುಗಿ ಹೇಳಿದರು. ಇನ್ನೊಂದು ಹೇಳಿದ, ಅದನ್ನೂ ಹೇಳಿದರು. ಹೋಗುತ್ತ ಹೋಗುತ್ತ ದನಿಯ ತುಕ್ಕು ಬಿಡುತ್ತ ಬಂತು. ಹಾಡು ಮುಗಿಯಿತು. ಗಂಟೆ ಮೊಳಗಲಿಲ್ಲ. ದಿನಗಟ್ಟಲೆ ಒಂದೇ ಏಟನ್ನು ಅಭ್ಯಾಸ ಮಾಡಿದ್ದ ಡ್ರಮ್ಮಿನವನು ಗೋಡೆಯ ಕಡೆ ಮುಖ ಮಾಡಿ ಮೂಗು ಒರೆಸಿಕೊಳ್ಳುತ್ತಿದ್ದ.

ಅತ್ತೆ ಕಣ್ಣು ತೆರೆದು, "ಮೆಣಸು ಕಡಿಮೆಯಾಗಿದೆ ಗಂಟಲಿಗೆ" ಎಂದು ಎದ್ದು ಹೋದರು. ಯಾರ ಗಂಟಲಿಗೆ ಎಂದು ಹೇಳಲಿಲ್ಲ.

ಸಂಜೆ ಅವನ ಮೊಪೆಡ್ಡಿನ ಹಿಂದೆ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ವಿಜಯನಗರಕ್ಕೆ ಹೋದೆ. ಕುಂಕುಮ ಇಟ್ಟ ಅತ್ತಿಗೆ ಜೊತೆಗಿದ್ದರೆ ಭಕ್ತಿ ಜಾಸ್ತಿ ಕಾಣುತ್ತದೆ ಎಂದು ಅವನ ಯೋಚನೆ. ಅಂಗಡಿಯವರು ಹಾಡನ್ನು ಪೂರ್ತಿ ಕೇಳಿದರು. ತಲೆದೂಗಿದರು. ನನಗೆ ಜೀವ ಬಂತು.

"ಹಾಡು ಚೆನ್ನಾಗಿದೆ ಸಾರ್, ಸತ್ಯವಾಗಲೂ. ಹಿಂದೆ ಯಾರೋ ಹೆಂಗಸಿನ ದನಿ ಇದೆಯಲ್ಲ?"

"ನಮ್ಮಮ್ಮ."

"ಅದು ಬೇಡ. ವಯಸ್ಸಾದ ದನಿ, ಶ್ರುತಿನೂ ಒಂಚೂರು ಆಚೀಚೆ ಇದೆ. ನಾನು ಸೋಲೋ ಅಂದಿದ್ನಲ್ಲ? ರೆಕಾರ್ಡರ್ ಇಲ್ಲೇ ಇದೆ, ಗಿಟಾರೂ ಒಂದಿದೆ. ಒಳಗಡೆ ರೂಮಲ್ಲಿ ಕೂತು ಈಗ್ಲೇ ಒಂದ್ಸಲ ಒಬ್ರೇ ಹಾಡ್ಬಿಡಿ. ನಿಮ್ಮ ಹೆಸರು ಹಾಕಿ ಅಚ್ಚಿಗೆ ಕಳಿಸ್ತೀನಿ."

ಅಷ್ಟು ಸುಲಭ! ಐದು ನಿಮಿಷದ ಕೆಲಸ. ಅಂಗಡಿಯ ಕಪಾಟಿನ ತುಂಬ ಸಾಲುಸಾಲಾಗಿ ಕ್ಯಾಸೆಟ್ಟುಗಳಿದ್ದವು, ಒಂದೊಂದರ ಮೇಲೂ ಯಾರು ಯಾರದೋ ಹೆಸರು. ಮೈದುನ ಅವನ್ನೇ ನೋಡುತ್ತಾ ನಿಂತ.

"ಇದನ್ನೇ ಹಾಕಿ ಸಾರ್. ಅಮ್ಮನ ಹೆಸರೂ ಸೇರಿಸಿ."

"ಆಗಲ್ಲ ಸಾರ್. ಭಜನೆ ಆಗ್ಬಿಡತ್ತೆ."

ನಾನು ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೆ. "ನೋಡಪ್ಪ, ಹಟ ಮಾಡ್ಬೇಡ. ಒಂದ್ಸಲ ಹಾಡ್ಬಿಡು. ಅತ್ತೆಗೆ ಗೊತ್ತೂ ಆಗಲ್ಲ."

"ಅವಳು ಇಷ್ಟು ವರ್ಷ ಆದ್ಮೇಲೆ ಬಾಯಿ ಬಿಟ್ಟಿದಾಳೆ ಅತ್ತಿಗೆ. ಅದು ಬೇಡ ಅಂತ ನಾನು ಹೇಳ್ಲಾ?"

ನಾನು ಅವನ ತೋಳು ಬಿಟ್ಟೆ. ಅವನು ಟೇಪನ್ನು ಕೇಳಿ ಇಸಿದುಕೊಂಡ, ನಮಸ್ಕಾರ ಮಾಡಿದ, ಮೆಟ್ಟಿಲಿಳಿದ. ಮೊಪೆಡ್ ಒದೆಯುವ ಮುಂಚೆ ಒಂದೇ ಮಾತು ಹೇಳಿದ: "ಮನೇಲಿ ಗಿಟಾರ್ ಸರಿ ಇಲ್ಲ ಅಂದ್ರು ಅಂತ ಹೇಳೋಣ, ಆಯ್ತಾ?"

ಅತ್ತೆ ಜಗಲಿಯ ಮೇಲೆ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದರು. ಗೇಟಿನ ಸದ್ದಿಗೆ ಥಟ್ಟನೆ ತಲೆ ಎತ್ತಿದರು.

"ಏನಂದ್ರೋ?"

"ಬೇಡ ಅಂದ್ರಮ್ಮ."

ಅತ್ತೆಯ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. "ನಾನು ಮಧ್ಯ ಬಾಯಿ ಹಾಕ್ಬಿಟ್ನಲ್ಲ. ಅದಕ್ಕಾ?"

"ಛೇ, ಇಲ್ಲಮ್ಮ. ನಿನ್ನ ದನಿ ತುಂಬಾ ಚೆನ್ನಾಗಿದೆ ಅಂದ್ರು. ಬೇಕಾದ್ರೆ ಕೇಳು ಅತ್ತಿಗೇನ. ಗಿಟಾರೇ ಸರಿ ಇಲ್ವಂತೆ."

ನಾನು ಹೌದೆಂದು ತಲೆಯಾಡಿಸಿದೆ. ಬಾಯಿ ತೆರೆದಿದ್ದರೆ ಅತ್ತುಬಿಡುತ್ತಿದ್ದೆ.

ಅತ್ತೆ ಮೊರವನ್ನು ಪಕ್ಕಕ್ಕೆ ತಳ್ಳಿದರು. "ಅವನ ತಲೆ! ಗಿಟಾರಿಗೇನಾಗಿತ್ತೋ? ಎಷ್ಟು ಹಿತವಾಗಿ ನುಡೀತಿತ್ತು! ಅಂಗಡಿ ಇಟ್ಕೊಂಡೋನಿಗೆ ಸಂಗೀತ ಏನು ಗೊತ್ತು? ನೀನು ಅವನ ಮಾತು ಮನಸ್ಸಿಗೆ ಹಾಕ್ಕೋಬೇಡ. ಹೋಗು, ತಗೊಂಡ್ಬಾ ಅದನ್ನ. ಇನ್ನೊಂದ್ಸಲ ಹಾಡೋಣ."

ಮೈದುನ ಒಳಗೆ ಹೋಗಿ ಗಿಟಾರು ತಂದು ಅಮ್ಮನ ಪಕ್ಕ ಕೂತ. ಶ್ರುತಿ ಸರಿ ಮಾಡಿಕೊಂಡು ಹಾಡಲು ಬಾಯಿ ತೆರೆದ. ಅತ್ತೆ ಕೈ ಅಡ್ಡ ಹಿಡಿದು ತಡೆದರು. ಗಂಟಲು ಸರಿಮಾಡಿಕೊಂಡು ಮೊದಲ ಸಾಲನ್ನು ತಾವೇ ಹೇಳಿ ನಿಲ್ಲಿಸಿದರು.

ನನ್ನ ಮೈದುನ ಅದನ್ನು ತಿರುಗಿ ಹೇಳಿದ.